ಕೆಡಹುವ ಮೊದಲು ಕೇಳಬೇಕಾದ ಮಾತು

ಹಳೆಯ ಪುರಭವನವನ್ನು ಉಳಿಸಿಕೊಳ್ಳಬೇಕೆ, ಕೆಡವಿ ಹೊಸದನ್ನು ಕಟ್ಟಬೇಕೆ ಎಂಬ ವಿವಾದ ಇಂದು ಯಾವ ಊರಿಗೂ ಹೊಸದಲ್ಲ. ಊರು ದೊಡ್ಡದಾಗಿದ್ದರೆ ಅದು ನ್ಯಾಯಾಲಯದ ಮೆಟ್ಟಿಲೇರುತ್ತದೆ. ಚಿಕ್ಕದಾಗಿದ್ದರೆ ಗ್ರಾಮಸಭೆಯ ಒಂದು ಠರಾವಿನಲ್ಲಿ ಮುಗಿದುಹೋಗುತ್ತದೆ. ಎರಡು ಕಡೆಯ ಮಾತುಗಳೂ ನಮಗೆ ಬಾಯಿಪಾಠವಾಗಿವೆ. "ಹಿರಿಯರು ಕಟ್ಟಿದ್ದು, ಮುಟ್ಟಬಾರದು" ಎನ್ನುವುದು ಒಂದು. "ನಾಳೆ ಯಾರ ತಲೆಯ ಮೇಲಾದರೂ ಬಿದ್ದರೆ ಹೊಣೆ ಯಾರು?" ಎನ್ನುವುದು ಇನ್ನೊಂದು. ಈ ಎರಡರ ಗದ್ದಲದಲ್ಲಿ ಕೇಳಲೇಬೇಕಾದ ಮೂರನೆಯ ಮಾತೊಂದು ಯಾರ ಬಾಯಿಂದಲೂ ಹೊರಡುವುದಿಲ್ಲ. ಅದನ್ನು ಕೇಳದೆ ಉಳಿದವರಲ್ಲಿ ನಾವೂ ಒಬ್ಬರು. ಆದ್ದರಿಂದಲೇ ಈ ಬರಹ.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕಲ್ಲು ಗಾರೆಗಳ ಚರ್ಚೆಯೇಕೆ ಎಂದು ಓದುಗರು ಕೇಳಬಹುದು. ನಾವು ಸೇರಿರುವುದು ಸೊನ್ನಲಿಗೆಯ ನೆಲದಲ್ಲಿ ಎಂಬುದೇ ಅದಕ್ಕೆ ಉತ್ತರ. ಕಟ್ಟುವುದು ಎಂದರೇನು ಎಂಬ ಪ್ರಶ್ನೆಯನ್ನು ಕನ್ನಡ ಸಾಹಿತ್ಯ ತೀಕ್ಷ್ಣವಾಗಿ ಎತ್ತಿದ್ದು ಇದೇ ಊರಿನ ಕೆರೆಯ ದಂಡೆಯ ಮೇಲೆ. ರಾಘವಾಂಕನು 'ಸಿದ್ಧರಾಮ ಚಾರಿತ್ರ'ದಲ್ಲಿ ಚಿತ್ರಿಸುವ ಸಿದ್ಧರಾಮ ಒಬ್ಬ ನಿರ್ಮಾಪಕ. ಶ್ರೀಶೈಲದಿಂದ ಮರಳಿ ಬಂದು ಸೊನ್ನಲಿಗೆಯನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡಲು ಹೊರಟವನು. ಗುಡಿ ಕಟ್ಟಿಸಿದವನು, ಕೆರೆ ತೋಡಿಸಿದವನು. ಕವಿಗೆ ಆ ಕೆಲಸದ ಬಗ್ಗೆ ಸಂಶಯವಿಲ್ಲ. ಅವನು ಅದನ್ನು ಭಕ್ತಿಯಿಂದಲೂ ಬೆರಗಿನಿಂದಲೂ ನೋಡುತ್ತಾನೆ.

ಅದೇ ಕಥೆ 'ಶೂನ್ಯಸಂಪಾದನೆ'ಯೊಳಗೆ ಬಂದಾಗ ಬೇರೆ ಬೆಳಕಿನಲ್ಲಿ ನಿಲ್ಲುತ್ತದೆ. ಅಲ್ಲಮಪ್ರಭು ಕೆರೆಯ ಕೆಲಸ ನಡೆಯುತ್ತಿರುವಲ್ಲಿಗೆ ಬಂದು, ಸಿದ್ಧರಾಮನನ್ನು ಒಡ್ಡನೆಂದು ಕರೆಯುತ್ತಾನೆ. ಕೆಲಸದವರು ಸಿಟ್ಟಿಗೆದ್ದು ಕಲ್ಲು ತೂರುತ್ತಾರೆ. ಸಿದ್ಧರಾಮ ಬರುತ್ತಾನೆ, ವಾದ ನಡೆಯುತ್ತದೆ, ಕೊನೆಗೆ ಸಿದ್ಧರಾಮ ಅಲ್ಲಮನೊಡನೆ ಕಲ್ಯಾಣಕ್ಕೆ ನಡೆಯುತ್ತಾನೆ. ಈ ಪ್ರಸಂಗವನ್ನು ಸ್ಥಾವರದ ಸೋಲು, ಜಂಗಮದ ಗೆಲುವು ಎಂದು ಓದುವುದು ರೂಢಿ. ನಾವೂ ತರಗತಿಯಲ್ಲಿ ವರ್ಷಗಟ್ಟಲೆ ಹಾಗೆಯೇ ಪಾಠ ಹೇಳಿದವರು. ಈಗ ಮತ್ತೆ ಓದಿದಾಗ ಆ ಓದು ಅರ್ಧ ಎನಿಸುತ್ತದೆ. ಅಲ್ಲಮನು ಕೆರೆಯನ್ನು ಮುಚ್ಚಿಸಲಿಲ್ಲ, ಗುಡಿಯನ್ನು ಕೆಡಹಿಸಲಿಲ್ಲ. ಅವನ ಪೆಟ್ಟು ಬಿದ್ದದ್ದು ಕಲ್ಲಿನ ಮೇಲಲ್ಲ, 'ನಾನು ಕಟ್ಟಿದೆ' ಎಂಬ ಭಾವದ ಮೇಲೆ. ಕೆರೆ ಉಳಿಯಿತು, ಇಂದಿಗೂ ಊರ ನಡುವೆ ಇದೆ. ಜನವರಿಯಲ್ಲಿ ನಂದಿಕೋಲುಗಳು ಹೊರಟಾಗ ಅರವತ್ತೆಂಟು ಲಿಂಗಗಳ ಸುತ್ತ ಊರಿಗೆ ಊರೇ ನಡೆಯುತ್ತದೆ. ಸ್ಥಾವರವೂ ಜಂಗಮವೂ ಒಂದನ್ನೊಂದು ಹೊತ್ತು ನಡೆಯುವ ಆ ನೋಟವನ್ನು ಚಿಕ್ಕಂದಿನಿಂದ ಕಂಡ ನಮಗೆ, ಕಟ್ಟಡ ಮುಖ್ಯವೋ ಮನುಷ್ಯ ಮುಖ್ಯವೋ ಎಂಬ ಪ್ರಶ್ನೆಯೇ ತಪ್ಪಾಗಿ ಕೇಳಿದ್ದು ಎನಿಸುತ್ತದೆ. ಈ ಕಟ್ಟಡದಲ್ಲಿ ಯಾರು ಸೇರುತ್ತಾರೆ, ಯಾವ ಹಕ್ಕಿನಿಂದ ಸೇರುತ್ತಾರೆ, ನಾಳೆಯೂ ಸೇರಬಲ್ಲರೆ ಎಂಬುದೇ ಸರಿಯಾದ ಪ್ರಶ್ನೆ. ಮೇಲೆ ಹೇಳಿದ ಮೂರನೆಯ ಮಾತು ಇದೇ.

ಈ ಅಳತೆಗೋಲನ್ನು ಹಿಡಿದು ಮೊದಲು ನಮ್ಮ ಊರನ್ನೇ ನೋಡೋಣ. 1930ರ ಏಪ್ರಿಲ್ 6ರಂದು ಸೊಲ್ಲಾಪುರದ ನಗರಪಾಲಿಕೆಯ ಕಟ್ಟಡದ ಮೇಲೆ ರಾಷ್ಟ್ರಧ್ವಜ ಏರಿತು. ಮುಂದಿನ ತಿಂಗಳೇ ಊರಿನ ಮೇಲೆ ಸೈನಿಕ ಕಾನೂನು ಬಂತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕೃಷ್ಣ ಸಾರಡಾ ಎಂಬ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಕಚೇರಿಯ ಮಾಳಿಗೆಯ ಮೇಲೆ ಒಂದು ಬಟ್ಟೆ ಹಾರಿದರೆ ಸಾಮ್ರಾಜ್ಯ ಏಕೆ ನಡುಗಬೇಕು? ಆ ಮಾಳಿಗೆ ತೆರಿಗೆ ಕಟ್ಟುವ ಜನರದು ಎಂದು ಜನ ಹೇಳಿದ್ದರಿಂದ. ಪುರಭವನದ ಬೆಲೆ ಅದರ ಕಮಾನುಗಳಲ್ಲಿಲ್ಲ, ಇಂಥ ಹಕ್ಕುಸ್ಥಾಪನೆಯಲ್ಲಿದೆ.

ಇಂದು ಮಹಾನಗರಪಾಲಿಕೆಯ ಆಡಳಿತವನ್ನು ಹೊತ್ತಿರುವ ಇಂದ್ರಭುವನದ ಕಥೆ ಇದಕ್ಕೆ ಪೂರಕವಾಗಿದೆ. ಅಪ್ಪಾಸಾಹೇಬ ವಾರದ ಅವರು ತಮ್ಮ ಮನೆಯಾಗಿ ಕಟ್ಟಿಸಿದ ಆ ವೈಭವದ ಇಮಾರತು ಮುಂದೆ ಊರಿನ ಕಚೇರಿಯಾಯಿತು. ಈಚಿನ ವರ್ಷಗಳಲ್ಲಿ ಅದರ ಗಾರೆ, ಕೆತ್ತನೆಗಳ ಜೀರ್ಣೋದ್ಧಾರವೂ ನಡೆಯಿತು. ಒಬ್ಬರ ಮನೆಯಾಗಿದ್ದುದು ಎಲ್ಲರ ಮನೆಯಾದಾಗ ಕಟ್ಟಡಕ್ಕೆ ಎರಡನೆಯ ಆಯುಷ್ಯ ದೊರೆಯಿತು. ಹಳೆಯದನ್ನು ಉಳಿಸುವುದೆಂದರೆ ಬೀಗ ಹಾಕಿ ಫಲಕ ತೂಗುಹಾಕುವುದಲ್ಲ, ಕೆಲಸ ಕೊಟ್ಟು ಉಳಿಸುವುದು ಎಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ.

ಉಳಿಸುವ ಮತ್ತು ಕೆಡಹುವ ವಾದಗಳೆರಡೂ ಪೂರ್ಣವಾಗಿ ಮುಖಾಮುಖಿಯಾದದ್ದನ್ನು ನೋಡಬೇಕಾದರೆ ಮೈಸೂರಿಗೆ ಹೋಗಬೇಕು. ಅಲ್ಲಿ ವಿವಾದಕ್ಕೆ ಸಿಕ್ಕಿದವು ದೇವರಾಜ ಮಾರುಕಟ್ಟೆ ಮತ್ತು ಅದರ ನೆರೆಯ ಲ್ಯಾನ್ಸ್‌ಡೌನ್ ಕಟ್ಟಡ. ಇವು ಹೆಸರಿನಿಂದ ಪುರಭವನಗಳಲ್ಲ. ಆದರೆ ಊರಿನವರು ದಿನವೂ ಸೇರುವ, ಪಾಲಿಕೆಯ ಕೈಯಲ್ಲಿರುವ ಸಾರ್ವಜನಿಕ ಸ್ಥಳಗಳು. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಕಟ್ಟಡಕ್ಕೆ ಬೀಗ ಬಿತ್ತು. 2016ರ ಆಗಸ್ಟ್ 28ರಂದು, ದುರಸ್ತಿಯ ಕೆಲಸ ನಡೆಯುತ್ತಿದ್ದಾಗಲೇ, ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಉರುಳಿತು. ಅಲ್ಲಿಂದ ಮುಂದೆ ಪಾಲಿಕೆ ಕೆಡವಿ ಕಟ್ಟುತ್ತೇವೆಂದಿತು. ಪರಂಪರೆಯ ಪರವಾದವರು ಕೂಡದೆಂದರು. ಒಂದು ತಜ್ಞರ ಗುಂಪು ದುರಸ್ತಿ ಸಾಧ್ಯವೆಂದರೆ, ಇನ್ನೊಂದು ಕೆಡಹುವುದೇ ಲೇಸೆಂದಿತು. ವಿವಾದ ಉಚ್ಚ ನ್ಯಾಯಾಲಯಕ್ಕೆ ಹೋಗಿ, 2023ರಲ್ಲಿ ತೀರ್ಪು ಕೆಡಹುವ ನಿರ್ಧಾರದ ಕಡೆಗೆ ಬಂತು. ಅಷ್ಟಾದರೂ ವಿರೋಧದ ದನಿ ಅಡಗಲಿಲ್ಲ.

ಯಾರು ಸರಿ ಎಂದು ತೀರ್ಪು ಕೊಡುವುದು ವಿಮರ್ಶಕನ ಕೆಲಸವಲ್ಲ. ವಾದಗಳಲ್ಲಿ ಏನು ಬಿಟ್ಟುಹೋಗಿದೆ ಎಂದು ತೋರಿಸುವುದು ಅವನ ಕೆಲಸ. ಕೆಡಹುವ ಪಕ್ಷದ ಹಿಂದೆ ನಾಲ್ಕು ಜೀವಗಳ ಭಾರವಿದೆ. ಅದನ್ನು ಹಗುರವಾಗಿ ಕಾಣುವ ಯಾವ ಪರಂಪರಾ ಪ್ರೇಮವೂ ನಮಗೆ ಒಪ್ಪಿಗೆಯಲ್ಲ. ಆದರೆ ಗೋಡೆಗೆ ವಯಸ್ಸಾಯಿತೆಂದಷ್ಟೇ ಹೇಳಿ ಆ ಪಕ್ಷ ಜಾರಿಕೊಳ್ಳುತ್ತದೆ. ಹಳೆಯ ಗಾರೆಯ ಕಟ್ಟಡ ವಯಸ್ಸಿನಿಂದಲೇ ಬೀಳುವುದು ಕಡಿಮೆ. ತಾರಸಿಯ ನೀರು ಹೋಗುವ ಕೊಳವೆ ಕಟ್ಟಿಕೊಳ್ಳುತ್ತದೆ. ಬಿರುಕಿನಲ್ಲಿ ಅರಳಿಯ ಸಸಿ ಬೇರು ಬಿಡುತ್ತದೆ. ಸುಣ್ಣದ ಗಾರೆಯ ಮೇಲೆ ಸಿಮೆಂಟು ಬಳಿದಾಗ ಗೋಡೆಯೊಳಗಿನ ತೇವ ಹೊರಬರಲಾರದೆ ಒಳಗೇ ಕೊಳೆಸುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹುದುಗಿದ ಕಡೆ ಗೆದ್ದಲು ಹಿಡಿಯುತ್ತದೆ. ಮೈಸೂರಿನ ಎರಡೂ ಕುಸಿತಗಳು ಆಗಸ್ಟಿನ ಕೊನೆಯ ವಾರದಲ್ಲಿ, ಮಳೆಗಾಲದ ನಡುವೆ ನಡೆದವೆಂಬುದನ್ನು ಮರೆಯಬಾರದು. ಅಲಕ್ಷ್ಯವೇ ಮೊದಲ ಗುದ್ದಲಿ, ಗುತ್ತಿಗೆದಾರನದು ಎರಡನೆಯದು.

ಇನ್ನು ಉಳಿಸುವ ಪಕ್ಷ. ಅವರ ಬರಹಗಳಲ್ಲಿ ಕಮಾನು, ಗೋಪುರ, ಅರಸರ ಕಾಲದ ವೈಭವ ತುಂಬಿರುತ್ತವೆ. ಸಾಲು ಮಳಿಗೆಗಳ ನಡುವೆ ಬುಟ್ಟಿಯಿಟ್ಟುಕೊಂಡು ಮಲ್ಲಿಗೆ, ವೀಳ್ಯದೆಲೆ ಮಾರುವ ಹೆಂಗಸು ಆ ಬರಹಗಳಲ್ಲಿ ಬಣ್ಣದ ಚಿತ್ರವಾಗಿ ಬರುತ್ತಾಳೆಯೇ ಹೊರತು ಹಕ್ಕುದಾರಳಾಗಿ ಬರುವುದಿಲ್ಲ. ಬಾಡಿಗೆಯ ಚೀಟಿ ಇರುವ ವ್ಯಾಪಾರಿಯ ಹೆಸರು ಪಾಲಿಕೆಯ ದಫ್ತರಿನಲ್ಲಿ ಇರುತ್ತದೆ. ಹೊಸ ಕಟ್ಟಡ ಬಂದರೆ ಅವನು ತನ್ನ ಮಳಿಗೆಯನ್ನು ಕೇಳಬಲ್ಲ. ಬುಟ್ಟಿಯವಳ ಜಾಗ ಇರುವುದು ರೂಢಿಯಲ್ಲಿ, ಅಕ್ಕಪಕ್ಕದವರ ನೆನಪಿನಲ್ಲಿ. ಗೋಡೆ ಬಿದ್ದ ದಿನ ಆ ನೆನಪಿಗೆ ಆಧಾರವಿಲ್ಲ. ಹಳೆಯ ಸಾರ್ವಜನಿಕ ಕಟ್ಟಡವೆಂಬುದು ಬರೆಯದ ಹಕ್ಕುಗಳ ಒಂದು ಪುಸ್ತಕ. ಅದನ್ನು ನಕಲು ಮಾಡಿಕೊಳ್ಳದೆ ಹರಿದರೆ ಓದು ಬಲ್ಲವರಿಗೆ ನಷ್ಟವಿಲ್ಲ, ಅದರಲ್ಲಿ ಮಾತ್ರ ಹೆಸರಿದ್ದವರಿಗೆ ನಷ್ಟ.

ಜನರ ಆಗ್ರಹದಿಂದ ಕಟ್ಟಡ ಉಳಿದ ನಿದರ್ಶನವೂ ಇಲ್ಲದಿಲ್ಲ. ಬೆಂಗಳೂರಿನ ಅಠಾರಾ ಕಚೇರಿ, 1860ರ ದಶಕದ ಆ ಕೆಂಪು ಕಟ್ಟಡ, 1980ರ ದಶಕದಲ್ಲಿ ಕೆಡಹುವವರ ಪಟ್ಟಿಗೆ ಬಂದಿತ್ತು. ಅದರೊಳಗೇ ನಡೆಯುತ್ತಿದ್ದ ಉಚ್ಚ ನ್ಯಾಯಾಲಯದಲ್ಲಿಯೇ ನಾಗರಿಕರು ದಾವೆ ಹೂಡಿದರು. ಇಂದು ಅದು ವಿಧಾನಸೌಧದ ಎದುರಿಗೆ ನಿಂತಿದೆ. ಆದರೆ ಅಠಾರಾ ಕಚೇರಿಗೆ ಕಾನೂನು ಬಲ್ಲ ನೆರೆಹೊರೆಯಿತ್ತು. ನಮ್ಮ ಹಳ್ಳಿಗಳ ಚಾವಡಿಗಳಿಗೆ ಯಾರಿದ್ದಾರೆ?

ಇಲ್ಲಿ ನಮ್ಮ ಸ್ವಂತದ ಮಾತನ್ನು ಹೇಳಲೇಬೇಕಾಗಿದೆ. ಅಕ್ಕಲಕೋಟ ತಾಲ್ಲೂಕಿನ ಒಂದು ಊರಿನ ಕನ್ನಡ ಶಾಲೆಯಲ್ಲಿ ನಾವು ಮುಖ್ಯಾಧ್ಯಾಪಕರಾಗಿದ್ದ ಕಾಲ. ಶಾಲೆಗೆ ಹತ್ತಿಕೊಂಡೇ ಊರ ಚಾವಡಿಯಿತ್ತು: ಕರಿಕಲ್ಲಿನ ಗೋಡೆ, ಸಾಗವಾನಿಯ ತೊಲೆ, ಮೇಲೆ ಮಣ್ಣಿನ ಮಾಳಿಗೆ. ಶಾಲೆಯಲ್ಲಿ ಕೋಣೆಗಳು ಸಾಲದ್ದರಿಂದ ಮೂರನೆಯ ಇಯತ್ತೆ ಅಲ್ಲಿಯೇ ಕೂಡುತ್ತಿತ್ತು. ಸಂಜೆ ಅದೇ ಹಾಸುಗಲ್ಲಿನ ಮೇಲೆ ಭಜನೆ. ಶ್ರಾವಣದಲ್ಲಿ ಪುರಾಣ, ಬೇಸಿಗೆಯಲ್ಲಿ ದೊಡ್ಡಾಟದ ತಾಲೀಮು, ಯುಗಾದಿಗೆ ಪಂಚಾಂಗ ಶ್ರವಣ. ಎಲ್ಲವೂ ಕನ್ನಡದಲ್ಲಿ. ಕಚೇರಿಯ ಕಾಗದ ಮರಾಠಿ, ಪೇಟೆಯ ವ್ಯವಹಾರ ಮರಾಠಿ. ಅದರಲ್ಲಿ ನಮಗೆ ಬೇಸರವೇನೂ ಇರಲಿಲ್ಲ, ಅದೂ ನಮ್ಮದೇ ನುಡಿ. ಆದರೆ ಊರಿನ ಕನ್ನಡಕ್ಕೆ ಮನೆಯ ಹೊಸ್ತಿಲು ದಾಟಿ ಹೊರಗೆ ಒಂದು ನೆಲೆ ಎಂದಿದ್ದರೆ ಅದು ಆ ಚಾವಡಿ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣಪತಿಯನ್ನು ಕಳಿಸಿ ಮಲಗಿದ್ದ ಊರುಗಳು ಏಳಲಿಲ್ಲ. ಸುಮಾರು ಹತ್ತು ಸಾವಿರ ಜನ ತಮ್ಮ ಮನೆಗಳ ಕೆಳಗೇ ಸತ್ತರು. ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಅವುಗಳ ಎರಡು ಮುಖಗಳನ್ನು ಹಿಡಿದಿಡುವ ಅಡ್ಡಗಲ್ಲಿಲ್ಲದೆ, ಸೀಳಿಕೊಂಡು ಕುಸಿದವು. ಮೇಲಿನ ಮಣ್ಣಿನ ಭಾರ ಮಲಗಿದವರ ಮೇಲೆ ಬಂತು. ನಮ್ಮ ಸೀಮೆಯಲ್ಲಿ ಅಂದಿನಿಂದ ಮಾಳಿಗೆಯ ಕೆಳಗೆ ಮಲಗುವವರ ನಿದ್ದೆ ಹೋಯಿತು. ಮೂರನೆಯ ಇಯತ್ತೆಯ ಮಕ್ಕಳನ್ನು ಚಾವಡಿಯಲ್ಲಿ ಕೂಡಿಸುವಾಗ ನಮ್ಮ ಕಣ್ಣು ಪುಸ್ತಕಕ್ಕಿಂತ ತೊಲೆಯ ಮೇಲೆಯೇ ಹೆಚ್ಚು ನೆಟ್ಟಿರುತ್ತಿತ್ತು.

ಮುಂದಿನ ವರ್ಷ ಪಂಚಾಯಿತಿಯವರು ಚಾವಡಿಯನ್ನು ಕೆಡವಿ ಹೊಸ ಕಚೇರಿ ಕಟ್ಟುವ ಠರಾವು ತಂದರು. ಶಾಲೆ ಆ ಜಾಗವನ್ನು ಬಳಸುತ್ತಿದ್ದುದರಿಂದ ನಮ್ಮ ಅಭಿಪ್ರಾಯದ ಪತ್ರ ಬೇಕಾಯಿತು. ಗ್ರಾಮಸಭೆಯಲ್ಲಿ ವಿರೋಧವೂ ಇತ್ತು. ಹಿರಿಯರು ಕೆಲವರು ಬೇಡವೆಂದರು. ಅವರ ಬಳಿ ಭಾವನೆಯಿತ್ತು, ವಾದವಿರಲಿಲ್ಲ. ನಾವು ಎದ್ದು ನಿಂತು ಕಿಲ್ಲಾರಿಯ ಹೆಸರು ಹೇಳಿದೆವು. ಸಭೆ ಮೌನವಾಯಿತು. ಕಟ್ಟಡ ಅಪಾಯಕಾರಿ ಎಂದು ಪತ್ರ ಬರೆದು ಸಹಿ ಮಾಡಿ, ಶಾಲೆಯ ಶಿಕ್ಕೆ ಒತ್ತಿ ಕೊಟ್ಟೆವು.

ಆ ಸಹಿಯ ಬಗ್ಗೆ ಇಂದು ನಮ್ಮ ಆಕ್ಷೇಪ ಎರಡು. ಮೊದಲನೆಯದು, ಕಟ್ಟಡವನ್ನು ಯಾವ ಇಂಜಿನಿಯರನೂ ಪರೀಕ್ಷಿಸಿರಲಿಲ್ಲ. ನಾವು ನಮ್ಮ ಭಯವನ್ನೇ ಪ್ರಮಾಣಪತ್ರವಾಗಿ ಬರೆದೆವು. ಕೆಡಹುವಾಗ ಮಾಳಿಗೆಯ ತೊಲೆಗಳಲ್ಲಿ ಎರಡು ಟೊಳ್ಳಾಗಿದ್ದುದು ಕಂಡಿತು. ಗೋಡೆಗಳನ್ನು ಬಿಡಿಸಲು ಮಾತ್ರ ಆಳುಗಳು ವಾರಗಟ್ಟಲೆ ಬೆವರಿಳಿಸಿದರು. ಮಾಳಿಗೆಯ ಭಾರವನ್ನು ಇಳಿಸಿ ಗೋಡೆಯನ್ನು ಉಳಿಸಬಹುದಿತ್ತೋ ಏನೋ, ಕೇಳಿದವರೇ ಇರಲಿಲ್ಲ. ಆದರೂ ಮಕ್ಕಳ ಜೀವದ ಪ್ರಶ್ನೆಯಲ್ಲಿ ಅತಿ ಎಚ್ಚರಿಕೆಯ ಕಡೆಗೆ ತಪ್ಪಿದೆವೆಂದು ನಮ್ಮನ್ನು ನಾವು ಕ್ಷಮಿಸಿಕೊಳ್ಳಬಹುದು.

ಎರಡನೆಯದಕ್ಕೆ ಆ ಕ್ಷಮೆಯಿಲ್ಲ. ಚಾವಡಿಯಲ್ಲಿ ಯಾರು ಯಾರು ಯಾವಾಗ ಸೇರುತ್ತಾರೆ, ಹೊಸ ಕಟ್ಟಡದಲ್ಲಿ ಅವರಿಗೆ ಎಲ್ಲಿ ಜಾಗ ಎಂಬ ಒಂದು ಸಾಲನ್ನೂ ನಾವು ಆ ಪತ್ರದಲ್ಲಿ ಬರೆಯಲಿಲ್ಲ. ಬರೆಯುವ ಕೈ ನಮ್ಮದಾಗಿತ್ತು. ಊರಿನಲ್ಲಿ ಹಾಗೆ ಬರೆಯಬಲ್ಲವರು ನಾವೇ ಆಗಿದ್ದೆವು. ಹೊಸ ಕಟ್ಟಡ ಬಂತು: ಕೆಳಗೆ ಕಚೇರಿ ಮತ್ತು ಬಾಡಿಗೆಯ ಮಳಿಗೆಗಳು, ಮೇಲೆ ಒಂದು ಸಭಾಗೃಹ. ಸಭಾಗೃಹಕ್ಕೆ ಬೀಗ, ಬೀಗಕ್ಕೆ ಅರ್ಜಿ, ಅರ್ಜಿಗೆ ಶುಲ್ಕ. ಯಾರೂ ಕನ್ನಡವನ್ನು ತಡೆಯಲಿಲ್ಲ, ಯಾರಿಗೂ ದ್ವೇಷವಿರಲಿಲ್ಲ. ಶುಲ್ಕ ಎಲ್ಲರಿಗೂ ಒಂದೇ ಆಗಿತ್ತು. ಆದರೆ ಭಜನೆಗೆ ಅರ್ಜಿ ಬರೆಯುವ ರೂಢಿ ಯಾರಿಗಿದೆ? ಪುರಾಣ ಒಂದು ವರ್ಷ ಒಬ್ಬ ರೈತರ ಪಡಸಾಲೆಯಲ್ಲಿ ನಡೆಯಿತು, ಮರುವರ್ಷ ನಿಂತಿತು. ದೊಡ್ಡಾಟದ ತಾಲೀಮಿಗೆ ಜಾಗವೇ ಸಿಗಲಿಲ್ಲ. ಬಾಗಿಲ ಮೇಲಿನ ಪಟ್ಟಿಕೆಯ ಕಲ್ಲಿನಲ್ಲಿ ಕನ್ನಡದ ಎರಡು ಸಾಲು ಕೊರೆದಿದ್ದರು. ಆ ಕಲ್ಲು ಹೊಸ ಕಟ್ಟಡದ ಬುನಾದಿಗೆ ಹೋಯಿತೆಂದು ಆಮೇಲೆ ತಿಳಿಯಿತು.

ಪುರಾಣ ಹೇಳುತ್ತಿದ್ದ ಹಿರಿಯರೊಬ್ಬರು ಒಂದು ದಿನ ಶಾಲೆಯ ಕಟ್ಟೆಗೆ ಬಂದು ಕುಳಿತರು. ಅವರು ನಮ್ಮನ್ನು ಬೈಯಲಿಲ್ಲ. "ಗುರುಗಳ, ಚಾವಡಿ ಬಿತ್ತಂತ ನನಗ ದುಃಖ ಇಲ್ರಿ. ಹಳೀದಾಗಿತ್ತು, ಹೋತು. ಹೊಸಾದ್ರಾಗ ನಾವು ಎಲ್ಲಿ ಕೂಡಬೇಕು, ಅಷ್ಟ ಹೇಳ್ರಿ" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಲ್ಲಮನು ಸಿದ್ಧರಾಮನನ್ನು ಕೇಳಿದ್ದನ್ನು ಇಪ್ಪತ್ತು ವರ್ಷ ಪಾಠ ಹೇಳಿದ್ದ ನಮಗೆ, ಅಂಥದೇ ಮಾತು ಎದುರಿಗೆ ಬಂದಾಗ ಗುರುತೇ ಹತ್ತಿರಲಿಲ್ಲ. ಕಟ್ಟಿಸಿದವರೆಂದು ಹೊಸ ಫಲಕದಲ್ಲಿ ಹೆಸರುಗಳಿದ್ದವು. ಕೂಡುವವರ ಹೆಸರು ಎಲ್ಲಿಯೂ ಇರಲಿಲ್ಲ.

ಆದ್ದರಿಂದ ಹಳೆಯದನ್ನೆಲ್ಲ ಉಳಿಸಿರೆಂದು ನಾವು ಹೇಳುವುದಿಲ್ಲ. ಕಿಲ್ಲಾರಿಯನ್ನು ಕಂಡ ಸೀಮೆಯವರು ಹಾಗೆ ಹೇಳಲಾರರು. ಕೆಡಹುವ ಠರಾವಿಗೆ ಕೈಯೆತ್ತುವ ಮೊದಲು ಕೆಲವು ಸಂಗತಿಗಳು ಕಾಗದದ ಮೇಲೆ ಇರಲಿ ಎಂಬುದಷ್ಟೇ ನಮ್ಮ ಆಗ್ರಹ. ಕಟ್ಟಡವನ್ನು ಬಲ್ಲವರು ಪರೀಕ್ಷಿಸಿದ ವರದಿ ಮೊದಲು ಬರಲಿ. ಮಹಾರಾಷ್ಟ್ರದ ಮಹಾನಗರಪಾಲಿಕೆ ಕಾಯ್ದೆಯೂ 30 ವರ್ಷ ದಾಟಿದ ಕಟ್ಟಡಗಳಿಗೆ ಇಂಥ ಪರೀಕ್ಷೆಯನ್ನು ಹೇಳುತ್ತದೆ, ಹಳ್ಳಿಗೂ ಆ ನ್ಯಾಯ ಸಲ್ಲಲಿ. ಅಲ್ಲಿ ಸೇರುವವರ ಯಾದಿ ತಯಾರಾಗಲಿ: ಬಾಡಿಗೆಯವರದು ಮಾತ್ರವಲ್ಲ, ರೂಢಿಯವರದೂ. ಕೆಲಸ ನಡೆಯುವಾಗ ಅವರು ಎಲ್ಲಿ ಸೇರಬೇಕು, ಹೊಸದರಲ್ಲಿ ಯಾವ ಜಾಗಕ್ಕೆ, ಯಾವ ಶರತ್ತಿನ ಮೇಲೆ ಮರಳಬೇಕು ಎಂಬುದು ಠರಾವಿನಲ್ಲೇ ನಮೂದಾಗಲಿ. ಕೊರೆದ ಅಕ್ಷರ ಯಾವ ಭಾಷೆಯದೇ ಇರಲಿ, ಆ ಕಲ್ಲನ್ನು ಹೊಸ ಗೋಡೆಯಲ್ಲಿ ಕಣ್ಣಿಗೆ ಕಾಣುವಂತೆ ಕೂಡಿಸಲಿ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಒಂದು ಹಾಳೆ, ಒಂದು ಲೇಖನಿ, ಕೇಳುವ ಒಬ್ಬ ಮನುಷ್ಯ ಸಾಕು.

1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿ ನಡೆಯಿತು. ಸಿದ್ಧರಾಮನ ಪುರಾಣವನ್ನು ಬರೆದ ಈ ಊರಿನ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಅವರು. ಸಮ್ಮೇಳನ ಜಂಗಮ; ವರ್ಷಕ್ಕೊಂದು ಊರಿಗೆ ಹೋಗುತ್ತದೆ, ಚಪ್ಪರ ಬಿಚ್ಚಿಕೊಂಡು ಹೊರಡುತ್ತದೆ. ಅದು ಬಂದುಹೋದ ಮೇಲೆ ಉಳಿದ ದಿನಗಳಲ್ಲಿ ಕನ್ನಡ ಕೂಡಲು ಒಂದು ಚಾವಡಿ, ಒಂದು ಶಾಲೆಯ ಕೋಣೆ, ಒಂದು ಮಠದ ಪಡಸಾಲೆ ಬೇಕು. ಸೊಲ್ಲಾಪುರ, ಅಕ್ಕಲಕೋಟಗಳಲ್ಲಿ ಅಂಥ ಸ್ಥಳಗಳು ಇನ್ನೂ ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ರೂಢಿಯೇ ದಾಖಲೆ. ನಮ್ಮ ಸಂಘದ ಎಳೆಯರು ಈ ವರ್ಷ ಅವುಗಳ ಯಾದಿಯೊಂದನ್ನು ಮಾಡಲಿ: ಎಲ್ಲಿ, ಯಾವಾಗ, ಯಾರು ಸೇರುತ್ತಾರೆ ಎಂದು. ಹಳ್ಳಿಗಳಿಗೆ ಹೋಗುವವರ ಜೊತೆ ಬರಲು ನಾವು ಸಿದ್ಧ. ಮೊದಲು ಹೋಗಬೇಕಾದ ಊರು ನಮಗೆ ಗೊತ್ತಿದೆ. ಆ ಹಿರಿಯರು ಈಗಿಲ್ಲ; ಅವರ ಮೊಮ್ಮಕ್ಕಳಿದ್ದಾರೆ. ಸಭಾಗೃಹದ ಬೀಗಕ್ಕೆ ಬರೆಯಬೇಕಾಗಿದ್ದ ಅರ್ಜಿಯನ್ನು ಈಗಲಾದರೂ ನಮ್ಮ ಕೈಯಿಂದಲೇ ಬರೆದುಕೊಡುತ್ತೇವೆ.